ಒತ್ತು ಬಿದ್ದ ಕಡೆ ಸ್ವರ

ಹಾಳೆಗಳನ್ನು ನಾನೇ ಸಿದ್ಧ ಮಾಡಿಕೊಡುತ್ತೇನೆ ಎಂದು ಎಲ್ಲರೆದುರು ಬಾಯಿಬಿಟ್ಟವನು ನಾನು. ಹಾಗಾಗಿ ಯಾರನ್ನೂ ದೂರುವಂತಿಲ್ಲ. ನಮ್ಮ ಗಾಯನವೃಂದ ಒಂದು ಭಾನುವಾರದ ಸಂಜೆ ಪ್ರಾರ್ಥನೆಯನ್ನು ಹಳೆಯ ರೋಮನ್ ಕ್ರಮದಂತೆ, ಲ್ಯಾಟಿನ್ ಭಾಷೆಯಲ್ಲೇ, ಗ್ರೆಗೋರಿಯನ್ ಎಂಬ ಪ್ರಾಚೀನ ಚರ್ಚ್ ಸಂಗೀತದ ಧಾಟಿಯಲ್ಲಿ ಹಾಡಬೇಕೆಂದುಕೊಂಡಿತ್ತು. ಆ ಕ್ರಮದಲ್ಲಿ ಭಾನುವಾರ ಸಂಜೆಗೆ ಐದು ಕೀರ್ತನೆಗಳು: 109ರಿಂದ 113ರವರೆಗೆ. ಇದು ಲ್ಯಾಟಿನ್ ವಲ್ಗೇಟ್ ಬೈಬಲ್ಲಿನ ಎಣಿಕೆ. ಹೀಬ್ರೂ ಎಣಿಕೆಯಲ್ಲಿ ಇದೇ 109 ಹೋಗಿ 110 ಆಗುತ್ತದೆ. 113 ಎಂದರೆ ಅಲ್ಲಿಯ 114, 115 ಎರಡೂ ಸೇರಿದ್ದು. ಇದು ಗೊತ್ತಿಲ್ಲದೆ ಮೊದಲ ದಿನ ಬೇರೆಯೇ ಕೀರ್ತನೆಯ ಪಠ್ಯ ಇಳಿಸಿಕೊಂಡು ಎರಡು ಗಂಟೆ ದುಡಿದಿದ್ದೆ. ಆ ಕಥೆಯನ್ನು ಬೆಳೆಸುವುದಿಲ್ಲ.

ಕೀರ್ತನೆಯ ಧಾಟಿಯನ್ನು ಹಾಡಿನ ಮಟ್ಟು ಎಂದುಕೊಂಡರೆ ದಾರಿ ತಪ್ಪುತ್ತದೆ. ಅದೊಂದು ಅಚ್ಚು. ವಚನ ಗಿಡ್ಡವಿರಲಿ, ಮಾರುದ್ದ ಇರಲಿ, ಅದೇ ಅಚ್ಚಿನಲ್ಲಿ ಕೂರಬೇಕು. ಪ್ರತಿ ವಚನವನ್ನೂ ನಕ್ಷತ್ರದ ಗುರುತಿನಿಂದ ಎರಡು ಪಾಲು ಮಾಡಿರುತ್ತಾರೆ. ಮೊದಲಿಗೆ ಒಂದು ಎತ್ತುಗಡೆ. ಆಮೇಲೆ ಒಂದೇ ಸ್ವರದ ಮೇಲೆ ನಿಂತು ಪಠಣ. ನಕ್ಷತ್ರದ ಹತ್ತಿರ ಬಂದಾಗ ಒಂದು ಸಣ್ಣ ತಿರುವು. ಮತ್ತೆ ಅದೇ ಪಠಣ ಸ್ವರ. ಕೊನೆಗೆ ಇನ್ನೊಂದು ತಿರುವಿನಲ್ಲಿ ಮುಕ್ತಾಯ. ಇಂಥ ಧಾಟಿಗಳು ಎಂಟು. ಒಂಬತ್ತನೆಯದೂ ಒಂದಿದೆ, ಅದರ ಮಾತು ಆಮೇಲೆ.

ಅಭ್ಯಾಸಕ್ಕೆಂದು ನಾನು ಹಿಡಿದದ್ದು 8ನೆಯ ಧಾಟಿ. (ಡೋ, ರೇ, ಮಿ, ಫಾ, ಸೋಲ್, ಲಾ, ಸಿ ಎಂಬುದು ಪಾಶ್ಚಾತ್ಯರ ಸರಿಗಮಪದನಿ.) ಎತ್ತುಗಡೆ ಸೋಲ್, ಲಾ, ಡೋ. ಪಠಣವೆಲ್ಲ ಡೋ ಮೇಲೆ. ನಡುವಿನ ತಿರುವಿನಲ್ಲಿ ಕೊನೆಯ ಒತ್ತಿಗೆ, ಎಂದರೆ ಪದದಲ್ಲಿ ಬಲ ಕೊಟ್ಟು ಹೇಳುವ ಅಕ್ಷರಕ್ಕೆ, ಸರಿಯಾಗಿ ಒಂದು ಮೆಟ್ಟಿಲು ಮೇಲೆ ರೇಗೆ ಹೋಗಿ ಡೋಗೆ ಇಳಿಯುವುದು. ಕೊನೆಯ ತಿರುವಿನಲ್ಲಿ ಸಿ, ಡೋ ಎಂಬ ಎರಡು ಸಿದ್ಧತೆಯ ಸ್ವರಗಳು, ಒತ್ತು ಬಿದ್ದ ಅಕ್ಷರಕ್ಕೆ ಲಾ, ಅಲ್ಲಿಂದ ಸೋಲ್. 109ನೆಯ ಕೀರ್ತನೆಯ ಮೊದಲ ವಚನವನ್ನೇ ತೆಗೆದುಕೊಳ್ಳಿ: “ದೀಕ್ಸಿತ್ ದೋಮಿನುಸ್ ದೋಮಿನೊ ಮೇಒ * ಸೇದೆ ಆ ದೆಕ್ಸ್‌ತ್ರಿಸ್ ಮೇಇಸ್.” ಮೊದಲ ಪಾಲಿನಲ್ಲಿ “ಮೇ” ಮೇಲಕ್ಕೆ ಹೋಗುತ್ತದೆ, “ಒ” ಇಳಿಯುತ್ತದೆ. ಎರಡನೆಯ ಪಾಲಿನಲ್ಲಿ “ಸೇದೆ ಆ” ಅಷ್ಟೂ ಡೋ; “ದೆಕ್ಸ್” ಸಿ, “ತ್ರಿಸ್” ಡೋ, “ಮೇ” ಲಾ, “ಇಸ್” ಸೋಲ್. ಬಾಯಲ್ಲಿ ಎರಡು ಸಲ ಹೇಳಿಕೊಂಡರೆ ಇದು ಕೈಗೆ ಬಂದಂತೆಯೇ. ಕಷ್ಟವಿರುವುದು ಎರಡನೆಯ ವಚನದಿಂದ. ಅಕ್ಷರಗಳ ಎಣಿಕೆ ಬದಲಾಗುತ್ತದೆ, ಒತ್ತಿನ ಜಾಗ ಬದಲಾಗುತ್ತದೆ, ತಿರುವು ಎಲ್ಲಿಂದ ಶುರು ಮಾಡಬೇಕೆಂದು ಹಿಂದಿನಿಂದ ಮುಂದಕ್ಕೆ ಎಣಿಸುತ್ತ ಕೂರಬೇಕು. ಹಾಡುತ್ತಿರುವಾಗ ಹಾಗೆ ಎಣಿಸಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಹಾಳೆ ಬೇಕು.

ಈ ಎಣಿಕೆಯನ್ನು ಮಾಡಿಕೊಡುವ ಉಚಿತ ತಂತ್ರಾಂಶಗಳಿವೆ. ನಾನು ಬಳಸಿದ್ದು ಬ್ರೌಸರಿನಲ್ಲೇ ಓಡುವಂಥದ್ದು. ಒಂದು ಕಡೆ ವಚನಗಳನ್ನು ಅಂಟಿಸಬೇಕು, ಧಾಟಿಯ ಸಂಖ್ಯೆಯನ್ನೂ ಮುಕ್ತಾಯದ ಬಗೆಯನ್ನೂ ಆರಿಸಬೇಕು. ಅದು ಪ್ರತಿ ಪದವನ್ನೂ ಅಕ್ಷರಗಳಾಗಿ ಒಡೆದು, ಒತ್ತುಗಳನ್ನು ಹುಡುಕಿ, ಕೊನೆಯಿಂದ ಎಣಿಸಿ ಸ್ವರಗಳನ್ನು ಹಂಚುತ್ತದೆ. ಫಲಿತಾಂಶ ಎರಡು ರೂಪದಲ್ಲಿ ಸಿಗುತ್ತದೆ: ನಾಲ್ಕು ಗೆರೆಗಳ ಮೇಲೆ ಚೌಕದ ಸ್ವರಗಳು, ಅಥವಾ ಬರೀ ಪಠ್ಯದಲ್ಲಿ ಒತ್ತಿನ ಅಕ್ಷರ ದಪ್ಪಗೆ, ಸಿದ್ಧತೆಯ ಅಕ್ಷರ ಓರೆಯಾಗಿ. ಈ ದಪ್ಪ–ಓರೆಯ ಪದ್ಧತಿ ಕಂಪ್ಯೂಟರ್ ಹುಟ್ಟಿಸಿದ್ದಲ್ಲ. ಫ್ರಾನ್ಸಿನ ಸೊಲೆಮ್ ಮಠದ ಸನ್ಯಾಸಿಗಳು 1896ರಲ್ಲಿ ಮೊದಲು ಹೊರತಂದ ‘ಲೀಬರ್ ಉಸುವಾಲಿಸ್’ ಎಂಬ ದಪ್ಪ ಸಂಪುಟದ ಮುಂದಿನ ಆವೃತ್ತಿಗಳಲ್ಲಿ ಒಂದೇ ಕೀರ್ತನೆಯನ್ನು ಬೇರೆ ಬೇರೆ ಧಾಟಿಗಳಿಗೆ ಮತ್ತೆ ಮತ್ತೆ ಹೀಗೇ ಗುರುತು ಹಾಕಿ ಅಚ್ಚು ಮಾಡಿದ್ದಾರೆ. ಮೊಳೆ ಜೋಡಿಸಿ ಅದನ್ನು ಅಚ್ಚು ಹಾಕಿದವರ ತಾಳ್ಮೆ ನೆನೆದಾಗಲೆಲ್ಲ ನನ್ನ ಗೊಣಗಾಟ ನಿಲ್ಲುತ್ತಿತ್ತು. ತುಸು ಹೊತ್ತು.

ಮುಕ್ತಾಯದ ಬಗೆ ಆರಿಸುವಲ್ಲಿಯೇ ನಾನು ಮೊದಲು ನಿಂತುಬಿಟ್ಟೆ. ಕೀರ್ತನೆಯ ಹಿಂದೆ ಮುಂದೆ ಹಾಡುವ ಪಲ್ಲವಿಯ ಕೊನೆಯಲ್ಲಿ, ಹಳೆಯ ಪುಸ್ತಕಗಳಲ್ಲಿ, ಸ್ವರಗಳ ಕೆಳಗೆ “ಎ ಉ ಒ ಉ ಆ ಎ” ಎಂದು ಅಚ್ಚಾಗಿರುತ್ತದೆ. ಅದೇನು ಹೀಬ್ರೂ ಪದವೋ, ಮುದ್ರಣ ದೋಷವೋ ಎಂದು ಒದ್ದಾಡಿದೆ. ಕೊನೆಗೆ ತಿಳಿದದ್ದು ಇಷ್ಟೇ: ಪ್ರತಿ ಕೀರ್ತನೆಯೂ ಮುಗಿಯುವುದು “ಸೇಕುಲೋರುಮ್. ಆಮೆನ್” ಎಂಬ ಪದಗಳಿಂದ, ಅದರಲ್ಲಿನ ವ್ಯಂಜನಗಳನ್ನೆಲ್ಲ ಕಿತ್ತು ಸ್ವರಗಳನ್ನಷ್ಟೇ ಉಳಿಸಿದ್ದಾರೆ. ಅಕ್ಷರಮಾಲೆಯ ಸ್ವರಕ್ಕೂ ಹಾಡಿನ ಸ್ವರಕ್ಕೂ ನಮ್ಮಲ್ಲಿ ಒಂದೇ ಪದ. ಆರು ಸ್ವರಗಳ ಮೇಲೆ ಆರು ಸ್ವರಗಳು, ಅಷ್ಟೇ ಗುಟ್ಟು. ಕೀರ್ತನೆ ಮುಗಿದೊಡನೆ ಪಲ್ಲವಿ ಮತ್ತೆ ಎತ್ತಿಕೊಳ್ಳಬೇಕಲ್ಲ, ಮುಕ್ತಾಯದ ಸ್ವರ ಆ ಎತ್ತುಗಡೆಗೆ ಸಲೀಸಾಗಿ ಒಯ್ದು ಬಿಡಬೇಕು. ಆದ್ದರಿಂದ 1ನೆಯ ಧಾಟಿಗೆ ಮುಕ್ತಾಯಗಳ ದೊಡ್ಡ ಪಟ್ಟಿಯೇ ಇದ್ದರೆ 5ನೆಯದಕ್ಕೆ ಒಂದೇ. ಧಾಟಿಯನ್ನು ನಿರ್ಧರಿಸುವುದೂ ಪಲ್ಲವಿಯೇ. ಕೀರ್ತನೆಗೆ ಅಲ್ಲಿ ದನಿಯಿಲ್ಲ. ತಂತ್ರಾಂಶ ಮುಕ್ತಾಯಗಳ ಪಟ್ಟಿ ತೋರಿಸಿ ಆರಿಸಿಕೋ ಎನ್ನುತ್ತದೆಯೇ ಹೊರತು ಯಾವುದನ್ನು ಎಂದು ಹೇಳುವುದಿಲ್ಲ.

ಇನ್ನು “ದೋಮಿನಿ”ಯ ಪ್ರಸಂಗ. 112ನೆಯ ಕೀರ್ತನೆ ಶುರುವಾಗುವುದು ಹೀಗೆ: “ಲೌದಾತೆ ಪೂಎರಿ ದೋಮಿನುಮ್ * ಲೌದಾತೆ ನೋಮೆನ್ ದೋಮಿನಿ.” ಪಠ್ಯ ಅಂಟಿಸಿದೆ, 8ನೆಯ ಧಾಟಿ ಆರಿಸಿದೆ, ಹಾಳೆ ಬಂತು, ಆರು ಪ್ರತಿ ಮುದ್ರಿಸಿಕೊಂಡು ಅಭ್ಯಾಸಕ್ಕೆ ಹೋದೆ. ನಮ್ಮ ಹಾಡು ತಿದ್ದುವವರು ಒಬ್ಬ ಹಿರಿಯ ಸಿಸ್ಟರ್. ಲ್ಯಾಟಿನ್ ಅವರಿಗೆ ಎಳವೆಯಿಂದ ಕಿವಿಯಲ್ಲಿ ಕೂತಿರುವ ಭಾಷೆ. ನಾವು ಹಾಳೆಯಲ್ಲಿದ್ದಂತೆ ಹಾಡಿದೆವು: “ದೋಮೀನುಮ್... ದೋಮೀನಿ.” ಸಿಸ್ಟರ್ ಕೈಯೆತ್ತಿ ನಿಲ್ಲಿಸಿದರು.

“ಯಾರಪ್ಪಾ ಈ ದೋಮೀನಿ?”

“ಸಿಸ್ಟರ್, ಹಾಳೆಯಲ್ಲಿ ಹಾಗಿದೆ. ಕಂಪ್ಯೂಟರ್ ಹಾಕಿದ್ದು.”

“ಕಂಪ್ಯೂಟರಿಗೆ ಲ್ಯಾಟಿನ್ ಪಾಠ ಹೇಳಿಕೊಟ್ಟವರು ಯಾರೋ ಅವರನ್ನು ಕರೆದುಕೊಂಡು ಬನ್ನಿ.”

ಮನೆಗೆ ಬಂದು ಪರದೆ ನೋಡಿದರೆ “ದೋ” ಮೇಲೆ ಒತ್ತಿನ ಓರೆಗೀಟು ನಿಚ್ಚಳವಾಗಿ ಕಾಣುತ್ತಿದೆ. ಹಾಗಿದ್ದರೂ ತಂತ್ರಾಂಶ ಅದನ್ನು ಕಂಡಿಲ್ಲ. ಒತ್ತೇ ಇಲ್ಲದ ಪದ ಎಂದು ಬಗೆದು ರೂಢಿಯಂತೆ ಕೊನೆಯಿಂದ ಎರಡನೆಯ ಅಕ್ಷರಕ್ಕೆ ಲಾ ಕೊಟ್ಟುಬಿಟ್ಟಿದೆ. ಒಂದು ಸಂಜೆಯೆಲ್ಲ ತಲೆ ಕೆರೆದುಕೊಂಡೆ. ಉತ್ತರ ಹೊಳೆದದ್ದು ಕನ್ನಡ ಟೈಪಿಸಿದ ಅನುಭವದಿಂದ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ “ಕ್ಷ” ಕಂಪ್ಯೂಟರಿನ ಲೆಕ್ಕದಲ್ಲಿ ಮೂರು: ಕ, ಹಲಂತ, ಷ. ಲ್ಯಾಟಿನ್ ಲಿಪಿಯಲ್ಲೂ ಇಂಥ ವೇಷ ಇದೆ. ಗೀಟು ಸಹಿತವಾದ ಅಕ್ಷರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬರಿಯ ಅಕ್ಷರ ಮತ್ತು ಅದರ ಮೇಲೆ ಕೂರುವ ಗೀಟು ಎಂದು ಎರಡಾಗಿಯೂ ಬರೆಯಬಹುದು. ನಾನು ತಂದ ಪಠ್ಯ ಎರಡನೆಯ ಬಗೆಯದು. ನನ್ನ ತಂತ್ರಾಂಶಕ್ಕೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ. ಪಠ್ಯವನ್ನು ಒಮ್ಮೆ ಕೂಡಿದ ರೂಪಕ್ಕೆ ಪರಿವರ್ತಿಸಿ ಅಂಟಿಸಿದ್ದೇ ತಡ, “ನೋ” ಸಿ, “ಮೆನ್” ಡೋ, “ದೋ” ಲಾ, “ಮಿನಿ” ಎರಡೂ ಸೋಲ್ ಎಂದು ಎಲ್ಲವೂ ತಂತಮ್ಮ ಜಾಗಕ್ಕೆ ಬಂದು ಕೂತವು.

ಆದರೆ ಸಿಸ್ಟರ್ ಅವರ ಚುಚ್ಚುಮಾತು ಕೊರೆಯುತ್ತಿತ್ತು. ಗೀಟು ಇಲ್ಲದೆಯೂ ಅವರಿಗೆ ಹೇಗೆ ಗೊತ್ತಾಗುತ್ತದೆ? ಮುಂದಿನ ಅಭ್ಯಾಸದಲ್ಲಿ ಕೇಳಿದೆ. ಎರಡಕ್ಷರದ ಪದವಾದರೆ ಮೊದಲನೆಯದಕ್ಕೆ ಒತ್ತು. ಅದಕ್ಕೇ “ಮೇಒ”, “ಸೇದೆ” ಮುಂತಾದವಕ್ಕೆ ಪುಸ್ತಕಗಳಲ್ಲಿ ಗೀಟೇ ಹಾಕುವುದಿಲ್ಲ. ಮೂರು ಅಥವಾ ಹೆಚ್ಚು ಅಕ್ಷರಗಳಿದ್ದರೆ ಕೊನೆಯಿಂದ ಎರಡನೆಯದನ್ನು ನೋಡಬೇಕು. ಅದು ಭಾರವಾಗಿದ್ದರೆ ಒತ್ತು ಅದಕ್ಕೆ, ಹಗುರವಾಗಿದ್ದರೆ ಅದರ ಹಿಂದಿನದಕ್ಕೆ. ಭಾರ ಎಂದರೆ ದೀರ್ಘ ಸ್ವರವಿರುವುದು ಅಥವಾ ವ್ಯಂಜನದಿಂದ ಮುಚ್ಚಿಕೊಂಡದ್ದು.

ಇದು ನಮ್ಮ ಗುರು–ಲಘು! ಶಾಲೆಯಲ್ಲಿ ಪದ್ಯದ ಮೇಲೆ ಗೆರೆಯನ್ನೂ ಕೊಂಬನ್ನೂ ಹಾಕಿ ಪ್ರಸ್ತಾರ ಮಾಡಿದ್ದು ನೆನಪಿದ್ದವರಿಗೆ ಲ್ಯಾಟಿನ್ ಒತ್ತಿನ ನಿಯಮ ಅರ್ಧ ಕಲಿತಂತೆಯೇ. “ದೋ-ಮಿ-ನಿ”: ನಡುವಿನ “ಮಿ” ಲಘು, ಹಾಗಾಗಿ ಒತ್ತು “ದೋ”ಗೆ. “ತು-ಓ-ರುಮ್”: “ಓ” ಗುರು, ಒತ್ತು ಅದಕ್ಕೇ. ತೊಡಕು ಒಂದೇ. ಲ್ಯಾಟಿನ್ ಬರವಣಿಗೆಯಲ್ಲಿ ಹ್ರಸ್ವ–ದೀರ್ಘದ ಭೇದ ತೋರಿಸುವ ರೂಢಿಯಿಲ್ಲ, ಬಲ್ಲವರಿಗಷ್ಟೇ ಗೊತ್ತು. ನಮ್ಮ ದೀರ್ಘದ ಚಿಹ್ನೆ ಅವರಿಗೆ ಸಿಕ್ಕಿದ್ದರೆ ಈ ಓರೆಗೀಟುಗಳ ಗೋಜೇ ಇರುತ್ತಿರಲಿಲ್ಲವೇನೋ.

ಅಕ್ಷರ ಒಡೆಯುವುದರಲ್ಲೂ ತಂತ್ರಾಂಶ ಆಗಾಗ ಎಡವಿತು. ಅದೇ 112ರಲ್ಲಿ “ಗ್ಲೋರಿಯ ಏಯುಸ್” ಎಂದು ಬರುತ್ತದೆ. ಹಳೆಯ ಪುಸ್ತಕಗಳು ಆ ಪದದ ನಡುವಿನ ಯಕಾರಕ್ಕೆ ಜೆ ಅಕ್ಷರ ಬಳಸಿದರೆ ಹೊಸ ಪಠ್ಯಗಳು ಐ ಬಳಸುತ್ತವೆ. ಐ ಕಂಡೊಡನೆ ನನ್ನ ತಂತ್ರಾಂಶ ಅದನ್ನು “ಎ-ಇ-ಉಸ್” ಎಂದು ಮೂರು ತುಂಡು ಮಾಡಿ ನಡುವಿನದಕ್ಕೆ ಒತ್ತು ಕೊಟ್ಟಿತು. ಹುಡುಕಿ ಬದಲಿಸುವ ಆಜ್ಞೆಯಿಂದ ಎಲ್ಲ ಐಗಳನ್ನೂ ಜೆ ಮಾಡಲು ಹೋಗಿ ಇನ್ನಷ್ಟು ಕೆಡಿಸಿಕೊಂಡೆ. ಕೊನೆಗೆ ಕೈಯಿಂದಲೇ ತಿದ್ದಿದೆ.

ವಚನದ ತುದಿಯಲ್ಲಿ ಒಂಟಿ ಅಕ್ಷರದ ಪದ ಬಂದಾಗ ಇನ್ನೊಂದು ತಮಾಷೆ. 109ರಲ್ಲಿ “ಜೇನುಇ ತೆ”, 110ರಲ್ಲಿ “ತಿಮೆನ್ತಿಬುಸ್ ಸೆ”. “ಮೆನ್”ಗೆ ಒತ್ತು ಎಂದರೆ ಆಮೇಲೆ “ತಿ”, “ಬುಸ್”, “ಸೆ” ಎಂದು ಮೂರು ಅಕ್ಷರ ಉಳಿಯುತ್ತವೆ. ಅಚ್ಚಿನಲ್ಲಿ ಒತ್ತಿನ ನಂತರ ಒಂದು ಅಕ್ಷರಕ್ಕೆ ಜಾಗ ಖಾಯಂ. ಇನ್ನೊಂದು ಬಂದರೆ ಅದಕ್ಕೊಂದು ಟೊಳ್ಳು ಚೌಕದ ಸ್ವರವನ್ನು ಮೀಸಲಿಟ್ಟಿರುತ್ತಾರೆ. ಮೂರನೆಯದಕ್ಕೆ ಸ್ಥಳವಿಲ್ಲ. ಹಾಗಾಗಿ ಇಂಥ ಕಡೆ “ಬುಸ್” ಒತ್ತಿನ ಪಾತ್ರ ವಹಿಸಬೇಕು. ತಂತ್ರಾಂಶ ಇದನ್ನು ತಾನಾಗಿಯೇ ಸರಿಯಾಗಿ ಮಾಡಿತ್ತು; ತಪ್ಪೆಂದು ಭಾವಿಸಿ ತಿದ್ದಿ ಕೆಡಿಸಿದವನು ನಾನು. ಸಿಸ್ಟರ್ ಮತ್ತೆ ಕೈಯೆತ್ತಿದರು. ಈ ಸಲ ಕಂಪ್ಯೂಟರಿನ ಮೇಲೆ ಹಾಕುವ ಧೈರ್ಯ ಬರಲಿಲ್ಲ.

109ರ ಮೂರನೆಯ ವಚನದ ಮೊದಲ ಪಾಲು “ಸಿಯೋನ್” ಎಂದು ಮುಗಿಯುತ್ತದೆ. ಇಂಥ ಹೀಬ್ರೂ ಪದ ನಡುವಿನ ತಿರುವಿನಲ್ಲಿ ಬಂದರೆ 8ನೆಯ ಧಾಟಿಯಂಥ ಕೆಲವು ಧಾಟಿಗಳಲ್ಲಿ ತಿರುವನ್ನು ಮೊಟಕು ಮಾಡಿ, ಕೊನೆಯ ಅಕ್ಷರವನ್ನು ಮೇಲಿನ ರೇಯಲ್ಲೇ ನಿಲ್ಲಿಸಿಬಿಡಲು ಅವಕಾಶವಿದೆ. ಇಳಿಯುತ್ತದೆ ಎಂದು ಕಾದ ಕಿವಿಗೆ ಅದು ಮೆಟ್ಟಿಲು ತಪ್ಪಿದ ಹಾಗೆ ಕೇಳಿಸುತ್ತದೆ. ನನಗಂತೂ ಇಷ್ಟವಾಯಿತು, ಗುಂಪಿನಲ್ಲಿ ಅರ್ಧ ಜನಕ್ಕೆ ಆಗಲಿಲ್ಲ. ವಾದ ಜೋರಾಗಿ ಒಂದು ಅಭ್ಯಾಸವೇ ಅದರಲ್ಲಿ ಕಳೆಯಿತು. ಕೊನೆಗೆ ಪಲ್ಲವಿಗೆ ತಕ್ಕಂತೆ ಈ ಕೀರ್ತನೆಯನ್ನು 7ನೆಯ ಧಾಟಿಗೆ ಬದಲಿಸಬೇಕಾಗಿ ಬಂತು. ಆ ವಿನಾಯಿತಿ 7ನೆಯದಕ್ಕೆ ಇಲ್ಲವೇ ಇಲ್ಲ. ವಾದದಲ್ಲಿ ಗೆದ್ದವರೂ ಸೋತವರೂ ಪೆಚ್ಚಾದರು. 7ನೆಯದರಲ್ಲಿ ಎರಡೂ ತಿರುವುಗಳಿಗೆ ಎರಡೆರಡು ಒತ್ತು. ಎಂದರೆ ಒಂದೊಂದು ವಚನಕ್ಕೆ ನಾಲ್ಕು ಕಡೆ ತಪ್ಪಲು ಅವಕಾಶ.

ಉದ್ದದ ವಚನಗಳಿಗೆ ಕಠಾರಿಯಂಥ ಒಂದು ಗುರುತು (†) ಇರುತ್ತದೆ; ಅಲ್ಲಿ ಉಸಿರಿಗಾಗಿ ದನಿ ಕೊಂಚ ಬಾಗುತ್ತದೆ. 110ರ “ಮೆಮೋರಿಯಮ್ ಫೇಚಿತ್” ಎಂಬ ವಚನದಲ್ಲಿ ಅದಿದೆ. ಡೋ ಮೇಲೆ ಪಠಣವಿರುವ 8ನೆಯ ಧಾಟಿಯಲ್ಲಿ ಈ ಬಾಗು ಸಿ ಬಿಟ್ಟು ನೇರವಾಗಿ ಲಾಗೆ ಹೋಗುತ್ತದೆ, ಡೋ ಮತ್ತು ಸಿ ನಡುವೆ ಅಂತರ ಅರ್ಧ ಸ್ವರದ್ದಷ್ಟೇ ಎಂಬ ಕಾರಣಕ್ಕೆ. ನಾನು ತಂದ ಪಠ್ಯದಲ್ಲಿ ಈ ಗುರುತೇ ಬಿಟ್ಟುಹೋಗಿತ್ತು. ಹಾಳೆಯಲ್ಲಿ ಕಣ್ಣಿಗೆ ಏನೂ ಕೊರತೆ ಕಾಣಲಿಲ್ಲ. ಹಾಡುವಾಗ ಎಲ್ಲರಿಗೂ ಉಸಿರು ಕಟ್ಟಿತು.

ಒಂಬತ್ತನೆಯ ಧಾಟಿಗೆ ‘ತೋನುಸ್ ಪೆರೆಗ್ರಿನುಸ್’ ಎಂದು ಹೆಸರು. ಪರದೇಶಿ ಧಾಟಿ ಎನ್ನೋಣ. ಬೇರೆಲ್ಲ ಧಾಟಿಗಳಲ್ಲಿ ಪಠಣ ಸ್ವರ ಒಂದೇ. ಇದರಲ್ಲಿ ಮೊದಲ ಪಾಲಿಗೆ ಲಾ, ಎರಡನೆಯದಕ್ಕೆ ಸೋಲ್. ನಕ್ಷತ್ರ ದಾಟಿದೊಡನೆ ನೆಲವೇ ಒಂದು ಮೆಟ್ಟಿಲು ಕುಸಿಯುತ್ತದೆ. ಇಸ್ರಾಯೇಲರು ಈಜಿಪ್ಟಿನಿಂದ ಹೊರಟುಬಂದ ಕಥೆ ಹೇಳುವ 113ನೆಯ ಕೀರ್ತನೆಗೆ ಈ ಅಲೆಮಾರಿ ಧಾಟಿ. ಇದನ್ನು ಮಾತ್ರ ತಂತ್ರಾಂಶ ಒಂದೂ ತಪ್ಪಿಲ್ಲದೆ ಕೂಡಿಸಿತು. ಹಾಡುವುದು ಉಳಿದೆಲ್ಲಕ್ಕಿಂತ ಸುಲಭವೆನಿಸಿತು. ಯಾಕೋ ತಿಳಿಯದು.

ಹಾಳೆಯ ಅಂದಕ್ಕಾಗಿ ಫಲಿತಾಂಶವನ್ನು ‘ಗ್ರೆಗೋರಿಯೊ’ ಎಂಬ ಮುಕ್ತ ತಂತ್ರಾಂಶಕ್ಕೆ ಒಯ್ದೆ. ಅದರ ಬರವಣಿಗೆಯ ಕ್ರಮಕ್ಕೆ ‘ಜಿಎಬಿಸಿ’ ಎಂದು ಹೆಸರು. ಒಂದು ಅಕ್ಷರ ಬರೆದು, ಆವರಣದೊಳಗೆ ಸ್ವರದ ಜಾಗ ಹೇಳುವ ಒಂದು ಇಂಗ್ಲಿಷ್ ಅಕ್ಷರ. ಆ ಅಕ್ಷರ ಹೇಳುವುದು ಗೆರೆಯ ಮೇಲಿನ ಎತ್ತರವನ್ನು ಮಾತ್ರ; ಡೋ ಎಲ್ಲಿದೆ ಎಂಬುದನ್ನು ಸಾಲಿನ ಮೊದಲಿಗೆ ಇಡುವ ಕೀಲಿ ಹೇಳುತ್ತದೆ. ಶ್ರುತಿ ಎಲ್ಲಿ ಬೇಕಾದರೂ ಹಿಡಿಯಿರಿ, ಸ್ವರಗಳ ನಡುವಿನ ಅಂತರ ಕಾಪಾಡಿದರೆ ಸಾಕು ಎಂಬ ಈ ಲೆಕ್ಕ ನಮಗೆ ಹೊಸದೇನಲ್ಲ. ಹೊಸದಾಗಿದ್ದದ್ದು ಒಂದು ಆವರಣ ಮುಚ್ಚಲು ಮರೆತರೆ ಇಡೀ ಪುಟ ಬರದೇ ಹೋಗುವುದು. 109ರ ಎಂಟು ವಚನ ಮತ್ತು ಕೀರ್ತನೆಯ ಕೊನೆಗೆ ಸೇರಿಸಿ ಹಾಡುವ ತ್ರಿತ್ವ ಸ್ತುತಿಯ ಎರಡು, ಒಟ್ಟು ಹತ್ತನ್ನೂ ಸ್ವರ ಸಮೇತ ಅಚ್ಚು ಹಾಕಿದರೆ ಪುಟದ ಮೇಲೆ ಪುಟ ತಿರುವಬೇಕು. ಮೊದಲ ವಚನಕ್ಕೆ ಸ್ವರ, ಉಳಿದವಕ್ಕೆ ದಪ್ಪ–ಓರೆ ಎಂದು ಮಾಡಿದಾಗ ಒಂದೇ ಹಾಳೆಯಲ್ಲಿ ಹಿಡಿಯಿತು. ಮಂದ ಬೆಳಕಿನಲ್ಲಿ ಓರೆ ಅಕ್ಷರ ಕಾಣುವುದಿಲ್ಲವೆಂದು ಹಿರಿಯರು ಹೇಳಿದ ಮೇಲೆ ಓರೆಯ ಬದಲು ಅಡಿಗೆರೆ ಎಳೆದೆ.

ತಂತ್ರಾಂಶಕ್ಕೆ ನುಡಿಸುವ ಗುಂಡಿಯೂ ಇತ್ತು. ಒಮ್ಮೆ ಒತ್ತಿ ಕೇಳಿದೆ. ಪ್ರತಿ ಅಕ್ಷರಕ್ಕೂ ಅಳೆದು ಕೊಟ್ಟಂತೆ ಒಂದೇ ಉದ್ದ, ನಕ್ಷತ್ರದ ಬಳಿ ತಡೆಯುವ ಮಾತೇ ಇಲ್ಲ. ಮತ್ತೆ ಒತ್ತಲಿಲ್ಲ.

ಆ ಭಾನುವಾರ ಹಾಡು ಚೆನ್ನಾಗಿಯೇ ಆಯಿತು. 111ರಲ್ಲಿ, ಸರದಿಯಂತೆ ಒಂದೊಂದು ವಚನ ಹಾಡಬೇಕಿದ್ದ ಎರಡು ಬದಿಯವರೂ ಒಂದೇ ವಚನವನ್ನು ಹಾಡಿದ್ದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಅನಾಹುತವಿಲ್ಲ.

ಅದಾದ ಮೇಲೆ, ಕೈಯಲ್ಲಿ ಸಾಧನವಿದೆ, ಕನ್ನಡವನ್ನೇ ಯಾಕೆ ಕೂಡಿಸಬಾರದು ಎನ್ನಿಸಿತು. ಕೀರ್ತನೆಗಳಲ್ಲೆಲ್ಲ ಚಿಕ್ಕದಾದ 116ನ್ನು, ಅದಕ್ಕೆ ಎರಡೇ ವಚನ, ನಾನೇ ಕನ್ನಡಕ್ಕೆ ತಂದುಕೊಂಡೆ: “ಸಕಲ ಜನಾಂಗಗಳೇ, ಪ್ರಭುವನ್ನು ಸ್ತುತಿಸಿರಿ * ಸಮಸ್ತ ಜನರೇ, ಆತನನ್ನು ಕೀರ್ತಿಸಿರಿ.” ತಂತ್ರಾಂಶಕ್ಕೆ ಕನ್ನಡ ಬಾರದು, ಅಕ್ಷರಗಳ ನಡುವೆ ನಾನೇ ಅಡ್ಡಗೆರೆ ಹಾಕಿಕೊಟ್ಟೆ. ಅದು ತನ್ನ ರೂಢಿಯಂತೆ ಕೊನೆಯಿಂದ ಎರಡನೆಯದಕ್ಕೆ ಒತ್ತು ಕೊಟ್ಟಿತು: “ಸ್ತುತಿಸೀರಿ... ಕೀರ್ತಿಸೀರಿ.” ದೋಮೀನಿಯ ತಂಗಿಯರು!

ಕನ್ನಡದಲ್ಲಿ ಲ್ಯಾಟಿನ್ನಿನಂಥ ಒತ್ತು ಇಲ್ಲ ನಿಜ. ಆದರೆ ಗುರು ಇದೆಯಲ್ಲ. ಅದನ್ನೇ ಒತ್ತಿನ ಜಾಗದಲ್ಲಿ ಇಟ್ಟುನೋಡಿದೆ. “ಕೀರ್ತಿಸಿರಿ”ಯಲ್ಲಿ ಗುರುವಿನ ನಂತರ ಮೂರು ಲಘು, ಅಚ್ಚಿಗೆ ಹೆಚ್ಚಾಯಿತು. “ಕೊಂಡಾಡಿರಿ” ಎಂದು ಬದಲಿಸಿದೆ. “ಡಾ”ಗೆ ಲಾ, “ಡಿರಿ” ಎರಡೂ ಸೋಲ್, ಅದಕ್ಕೂ ಮುಂಚಿನ “ನ್ನು”, “ಕೊಂ” ಎರಡಕ್ಕೆ ಸಿ, ಡೋ. ಸರಿಯಾಗಿ ಬಿತ್ತು. ಮೊದಲ ಪಾಲಿನ “ಸ್ತುತಿಸಿರಿ”ಯ ಕೊನೆಯ “ರಿ” ತೆಗೆದು “ಸ್ತುತಿಸಿ” ಮಾಡಿದೆ. ಮೂರೂ ಲಘುವಾದರೂ ಪದದ ಮೊದಲ ಅಕ್ಷರಕ್ಕೆ ಇರುವ ಸಹಜ ಕಸುವು ರೇಯನ್ನು ಹೊತ್ತುಕೊಂಡಿತು. ಎರಡನೆಯ ವಚನದ ಕೊನೆ “ಆತನ ಸತ್ಯ ಎಂದೆಂದಿಗೂ ನಿಲ್ಲುತ್ತದೆ”. “ಲ್ಲು” ಮುಂದಿನ ಒತ್ತಕ್ಷರದಿಂದ ಗುರು, “ತ್ತದೆ” ಎರಡು ಲಘು. ತಿದ್ದುವುದಕ್ಕೆ ಏನೂ ಇರಲಿಲ್ಲ. “-ಉತ್ತದೆ” ಎಂದು ಮುಗಿಯುವ ನಮ್ಮ ಕ್ರಿಯಾಪದಗಳೆಲ್ಲ “ದೋಮಿನಿ”ಯ ಲಯದಲ್ಲಿ ನಡೆಯುತ್ತವೆ. “-ಉತ್ತಾನೆ” ಎಂದು ಮುಗಿಯುವವು “ಮೇಒ” ಲಯದಲ್ಲಿ. ಅಂದು ರಾತ್ರಿ ಮಲಗಿದ ಮೇಲೂ ಬರುತ್ತಾನೆ, ಬರುತ್ತದೆ, ಹೋಗುತ್ತಾನೆ, ಹೋಗುತ್ತದೆ ಎಂದು 8ನೆಯ ಧಾಟಿಯಲ್ಲಿ ಗುನುಗುತ್ತಲೇ ಇದ್ದೆ.

ಸಿಸ್ಟರ್ ಅವರಿಗೆ ಹಾಳೆ ತೋರಿಸಿದೆ. ಕನ್ನಡಕ ಏರಿಸಿ, ದನಿ ಎತ್ತದೆ, ಎರಡೂ ವಚನಗಳನ್ನು ಹಾಡಿಕೊಂಡರು. ಕೈ ಮೇಲೇಳಲಿಲ್ಲ.

“ಮುಂದಿನ ಸಲ ಕನ್ನಡದಲ್ಲಿ 118 ಮಾಡಿ” ಎಂದರು.

“ಸಿಸ್ಟರ್, ಅದರಲ್ಲಿ 176 ವಚನಗಳಿವೆ.”

“ಗೊತ್ತು” ಎಂದು ಹಾಳೆಯನ್ನು ಮಡಚಿ ತಮ್ಮ ಪುಸ್ತಕದೊಳಗೆ ಇಟ್ಟುಕೊಂಡರು.